ನೆನೆದ ಹಾಳೆ

ಫಿಲಡೆಲ್ಫಿಯಾದ ಅಚ್ಚುಕೂಟವೊಂದರಲ್ಲಿ ನಾನು ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ನಮ್ಮ ಧಣಿ ನಥಾನಿಯಲ್ ಕ್ರೇನ್ ವಸಾಹತಿನ ಪರ ವಾದಿಸಲು ಲಂಡನ್ನಿಗೆ ಹೋದವರು ಹತ್ತು ವರ್ಷದ ಮೇಲೆ ಮರಳಿದರು. ಅವರ ಹೆಂಡತಿ ಪ್ರುಡೆನ್ಸ್ ಜ್ವರದಲ್ಲಿ ತೀರಿಕೊಂಡು ಆಗಲೇ ಹನ್ನೆರಡು ದಿನವಾಗಿತ್ತು. ಅಷ್ಟೂ ವರ್ಷ, ಶಾಯಿ ಚೆನ್ನಾಗಿ ಹಿಡಿಯಲೆಂದು ಅಚ್ಚಿನ ಹಾಳೆಯನ್ನು ಹಿಂದಿನ ರಾತ್ರಿಯೇ ನೆನೆಸಿಡುತ್ತಿದ್ದವರು ಆ ತಾಯಿಯೇ.

ಮರಳಿದ ಮರುದಿನ ಬೆಳಿಗ್ಗೆ ಧಣಿ, ಹೆಂಡತಿಯ ಸಾವಿನ ಸುದ್ದಿಯನ್ನು ತಾವೇ ಅಚ್ಚು ಹಾಕಲು ಬಂದರು. ಕೋಣೆ ಬೆಚ್ಚಗಿಡಲು ಧಣಿಯೇ ಕಂಡುಹಿಡಿದ ಒಲೆಯನ್ನು ಇನ್ನೂ ಹೊತ್ತಿಸಿರಲಿಲ್ಲ; ಹಾಳೆ ನೆನೆಸುವ ಬಾನಿಯ ನೀರು ಹೆಪ್ಪುಗಟ್ಟಿತ್ತು. ಹಾಳೆಗಳು ಮಾತ್ರ ಹದವಾಗಿ ನೆನೆದಿದ್ದವು.

"ಯಾರೋ ನೆನೆಸಿದ್ದು?"

"ನಾನಂತೂ ಮುಟ್ಟಿಲ್ಲ ಧಣಿ. ಬೀಗಾನೇ ಈಗ ತೆಗೆದಿದ್ದು."

ಅವರು ಹಾಳೆಯ ಮೇಲೆ ಅಂಗೈ ಇಟ್ಟರು.

"ಬೆಚ್ಚಗಿದೆಯಲ್ಲೋ... ಜ್ವರ ಬಂದ ಮೈ ಥರ."

ಅಳುತ್ತಲೇ ಒಂದು ಪ್ರತಿ ಒತ್ತಿ, ಒಣಗಲು ಹಗ್ಗದ ಮೇಲೆ ಹರವಿದರು.

ಧಣಿ ತೀರಿಹೋಗಿಯೂ ಆರು ವರ್ಷವಾಯಿತು. ಆ ಹಾಳೆ ಇನ್ನೂ ಒಣಗಿಲ್ಲ.