ಎರಡು ಸಲ ಬಡಿದ ಬಾಗಿಲು

"ಇವತ್ತು ಯಾವ ವಾರ?"

ಗೋಡೆಯನ್ನೇ ನೋಡುತ್ತ ಅವಳು ಕೇಳಿದಳು. ಉತ್ತರ ಬರಲೆಂದಲ್ಲ, ತನ್ನ ದನಿ ಇನ್ನೂ ಇದೆಯೇ ಎಂದು ನೋಡಿಕೊಳ್ಳಲು.

"ಗುರುವಾರ," ಎಂದಿತು ಮುಚ್ಚಿದ ಬಾಗಿಲಾಚೆಯ ದನಿ.

ಅವಳು ಥಟ್ಟನೆ ಬಾಗಿಲ ಕಡೆ ತಿರುಗಿದಳು. ಅವನೇ... ಅವಳು ಕಂಡಕ್ಟರ್ ಆಗಿದ್ದ ಬಸ್ಸಿನ ಡ್ರೈವರ್! ಒಂದು ಸಂಜೆ ಖಾಲಿ ಬಸ್ಸಿನಲ್ಲಿ ಅವನೆತ್ತಿದ ಮದುವೆಯ ಮಾತಿಗೆ ಅವಳು ತಲೆ ತಗ್ಗಿಸಿ ಹೂಂ ಎಂದಿದ್ದಳು.

ಆಮೇಲೆ ಆ ಕಾಯಿಲೆ ಊರಿಗೆ ಬಂತು. ಸೋಂಕು ತಗುಲಿ, ಅಣ್ಣನ ಮನೆಯ ಮಹಡಿ ಕೋಣೆಯಲ್ಲಿ ಅವಳು ಒಬ್ಬಳೇ ಉಳಿದಳು. ಜ್ವರ ಬಿಟ್ಟಿತು, ಕ್ವಾರಂಟೈನ್ ಮುಗಿಯಿತು. ಹೊರಗೆ ಬರಲು ಮಾತ್ರ ಆಗಲಿಲ್ಲ. ತನ್ನ ಉಸಿರೇ ಅಣ್ಣನ ಕೂಸಿಗೆ ವಿಷವಾದೀತೆಂಬ ಭಯ. ತೊಳೆದು ತೊಳೆದು ಅಂಗೈ ಚರ್ಮ ಸುಲಿದಿತ್ತು. "ಒಳಗೆ ಹೋಗ್ರೀ, ಬಾಗಿಲನ್ನೇನು ಗುತ್ತಿಗೆ ಹಿಡಿದಿದೀರಾ?" ಎಂದು ಬಸ್ಸು ತುಂಬ ಗದರುತ್ತಿದ್ದವಳು, ಅತ್ತಿಗೆ ತಟ್ಟೆಯಿಟ್ಟು ಮೆಟ್ಟಿಲಿಳಿಯುವವರೆಗೆ ಚಿಲಕ ಮುಟ್ಟುತ್ತಿರಲಿಲ್ಲ.

ಹೋದ ತಿಂಗಳು ಅವನು ಬಂದು ಕರೆದಿದ್ದ. ಅಳು ಉಕ್ಕಿ ಮಾತು ಹೊರಡದೆ ಅವಳು ಬಾಗಿಲನ್ನು ಎರಡು ಸಲ ಬಡಿದಿದ್ದಳು, ಇಲ್ಲೇ ಇದ್ದೇನೆ ಎಂದು ತಿಳಿಸಲು. ಅವನು ಹೊರಟೇ ಹೋದ. ಅವನಿಗೂ ಬೇಡವಾದೆ ಎಂದು ಅಂದೇ ಅವಳು ಮನಸ್ಸು ಕಲ್ಲು ಮಾಡಿಕೊಂಡಿದ್ದಳು.

"ಅವತ್ತು ಯಾಕೆ ಹೋದಿರಿ?"

"ನೀನೇ ತಾನೇ ಕಳಿಸಿದ್ದು? ಒಂದು ಬೆಲ್ಲಿಗೆ ನಿಲ್ಲಬೇಕು, ಎರಡಕ್ಕೆ ಹೊರಡಬೇಕು. ಇಷ್ಟು ವರ್ಷದಲ್ಲಿ ನಿನ್ನ ಬೆಲ್ ಮೀರಿದ್ದುಂಟಾ ನಾನು?"

ಅಯ್ಯೋ... ಆ ಹೊತ್ತಿಗೆ ಬುದ್ಧಿ ಎಲ್ಲಿತ್ತೋ! ಅವಳಿಗೆ ನಗು ಬಂತು, ನಗುವಿನ ಬೆನ್ನಿಗೇ ಅಳು.

ಹಾಗೆ ಹೊರಟುಹೋದದ್ದಕ್ಕೆ ಅತ್ತಿಗೆ ತನಗೆ ಫೋನು ಮಾಡಿ ಚೆನ್ನಾಗಿ ಬೈದದ್ದನ್ನು ಅವನು ಹೇಳಿದ. ಮನೋವೈದ್ಯೆಯೊಬ್ಬರನ್ನು ಕಂಡು ಬಂದಿದ್ದನಂತೆ. ಇದೂ ಒಂದು ಕಾಯಿಲೆಯೇ, ಇಂಥವರು ಬೇಕಾದಷ್ಟು ಜನ ಇದ್ದಾರೆ, ನಿಧಾನವಾಗಿ ವಾಸಿಯಾಗುತ್ತದೆ ಎಂದರಂತೆ. ಮನೆಗೇ ಬರಲೂ ಒಪ್ಪಿದ್ದಾರಂತೆ.

ಅವಳು ಚಿಲಕಕ್ಕೆ ಕೈಯಿಟ್ಟಳು. ಬೆವರಿತು. ಉಸಿರು ಮೇಲೆ ಮೇಲೆ ಬಂತು. ಅವನು ಅವಸರ ಮಾಡಲಿಲ್ಲ.

ಬಾಗಿಲು ಬೆರಳಗಲ ತೆರೆಯಿತು. ಎಷ್ಟು ಸೊರಗಿದ್ದಾನೆ! ಕೆನ್ನೆ ಒಳಗೆ ಹೋಗಿದೆ.

"ಇಷ್ಟೇ ಆಗೋದು ನನ್ನ ಕೈಲಿ," ಎಂದಳು.

"ಸಾಕು, ಇವತ್ತಿಗೆ."

"ಇನ್ನು ಮುಂದೂ ಇಷ್ಟೇ ಆದ್ರೆ? ನನ್ನ ಬಿಟ್ಟುಬಿಡಿ... ಬೇರೆ ಯಾರನ್ನಾದ್ರೂ ಮದುವೆಯಾಗಿ. ನನಗೋಸ್ಕರ ಇದೊಂದು ಮಾತು ನಡೆಸಿಕೊಡಿ."

ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತ.

"ಇಲ್ಲ ಕಣೇ. ನಡೆಸಿಕೊಡಲ್ಲ."