ಮ್ಯಾಚ್ ಇಲ್ಲದ ಒಂದು ಗಂಟೆ

ಸಂಹಿತಾ ಆ ಮನುಷ್ಯನನ್ನು ಮೊದಲು ನೋಡಿದಾಗ ಅವನು ಸೋಲನ್ನು ಸಂಭ್ರಮಿಸುತ್ತಿದ್ದ.

ಅಕ್ಟೋಬರಿನ ಒಂದು ಬುಧವಾರ, ಮಧ್ಯಾಹ್ನ. ಅಮೆರಿಕದ ಹೋಬೋಕನ್ ಸ್ಟೇಷನ್ ಹತ್ತಿರದ ಕಾಫಿ ಶಾಪು. ಬುಧವಾರ ವರ್ಕ್ ಫ್ರಮ್ ಹೋಮ್ ಆದರೂ, ಹ್ಯಾರಿಸನ್ನಿನ ಅಪಾರ್ಟ್‌ಮೆಂಟಿನಲ್ಲಿ ರೂಮ್‌ಮೇಟ್ ವಿಜಿಯ ಫೋನ್ ಗಲಾಟೆ ತಡೆಯಲಾರದೆ ಸಂಹಿತಾ ಇಲ್ಲಿಗೆ ಬಂದು ಕೂರುತ್ತಿದ್ದಳು. ಪಕ್ಕದ ಟೇಬಲ್ಲಿನ ಹಸಿರು ಜೆರ್ಸಿಯವನು ಲ್ಯಾಪ್‌ಟಾಪಿನಲ್ಲಿ ಬ್ಯಾಸ್ಕೆಟ್‌ಬಾಲ್ ನೋಡುತ್ತಿದ್ದ. ಆಟ ಮುಗಿದದ್ದೇ ತಡ, ಎರಡೂ ಕೈ ಮೇಲೆತ್ತಿ ಅಚ್ಚ ಕನ್ನಡದಲ್ಲಿ "ಗೆದ್ವಿ" ಎಂದ. ಸಂಹಿತಾ ಸ್ಕ್ರೀನಿನತ್ತ ಕಣ್ಣು ಹಾಯಿಸಿದಳು. ಹಸಿರು ತಂಡ ಆರು ಪಾಯಿಂಟಿನಿಂದ ಸೋತಿತ್ತು. ಲೆಕ್ಕ ತಪ್ಪಿದ್ದನ್ನು ಕಂಡು ಸುಮ್ಮನಿರುವ ಜಾಯಮಾನ ಅವಳದಲ್ಲ.

"ಸೋತಿದ್ದೀರಲ್ಲ," ಎಂದಳು.

ಅವನು ಬೆಚ್ಚಿ ತಿರುಗಿದ. ಮುಖದಲ್ಲಿ ಮೊದಲು ಬೆರಗು, ಆಮೇಲೆ ನಾಚಿಕೆ. "ಸೋತ್ರೂ ಮುಂದಿನ ರೌಂಡಿಗೆ ನಾವ ಹೋದ್ವಿರಿ," ಎಂದ.

ಅವನ ಹೆಸರು ಮೃತ್ಯುಂಜಯ, ಧಾರವಾಡದವನು. ಪೋಲೆಂಡಿನ ಒಂದು ಸಣ್ಣ ಊರಿನಲ್ಲಿ ಮಾಸ್ಟರ್ಸ್ ಓದಿದ್ದ. ಆ ಊರಿನ ತಂಡ ಯೂರೋಪಿನ ಕ್ಲಬ್‌ಗಳ ಒಂದು ಕಪ್ ಪಂದ್ಯಾವಳಿಯಲ್ಲಿ ಆಡುತ್ತದೆ. ಈ ಹಂತದಲ್ಲಿ ಒಂದೇ ಎದುರಾಳಿಯೊಡನೆ ಎರಡು ಆಟ, ನಮ್ಮೂರಲ್ಲಿ ಒಂದು, ಅವರೂರಲ್ಲಿ ಒಂದು. ಎರಡರ ಪಾಯಿಂಟೂ ಕೂಡಿಸಿ ತೀರ್ಮಾನ. ಹೋದ ವಾರ ಇವರು ಹನ್ನೊಂದರಿಂದ ಗೆದ್ದಿದ್ದರು. ಇಷ್ಟನ್ನು ಅವನು ಟೇಬಲ್ಲಿನ ಸಕ್ಕರೆ ಪೊಟ್ಟಣಗಳನ್ನು ಅತ್ತಿತ್ತ ಸರಿಸುತ್ತ ವಿವರಿಸಿದ. ಸಂಹಿತಾ ಪೊಟ್ಟಣಗಳನ್ನು ನೋಡಲಿಲ್ಲ, ಅವನ ಬೆರಳುಗಳನ್ನು ನೋಡಿದಳು.

ಅಲ್ಲಿಂದ ಬುಧವಾರಗಳು ಶುರುವಾದವು. ಯೂರೋಪಿನ ಸಂಜೆಯ ಆಟ ಇಲ್ಲಿ ಮಧ್ಯಾಹ್ನ ಒಂದು ಗಂಟೆಗೆ. ಲಂಚ್ ಹೊತ್ತಿನಲ್ಲಿ ಇಬ್ಬರೂ ಒಂದೇ ಸ್ಕ್ರೀನಿನ ಮುಂದೆ ಕೂರುತ್ತಿದ್ದರು. ಡಿಸೆಂಬರಿನ ಹೊತ್ತಿಗೆ ಸಂಹಿತಾ ರೆಫರಿಗೆ ಮೈಸೂರು ಕನ್ನಡದಲ್ಲಿ ಬೈಯುವಷ್ಟು ಪಳಗಿದ್ದಳು. ಬೈದಾಗಲೆಲ್ಲ ಅವನು ಆಟ ಬಿಟ್ಟು ಅವಳನ್ನೇ ನೋಡುತ್ತಿದ್ದ. ಅವಳು ತಿರುಗಿದರೆ ಮಾತ್ರ ಅವನಿಗೆ ಸ್ಕೋರು ತುಂಬ ಮುಖ್ಯವಾಗಿಬಿಡುತ್ತಿತ್ತು.

ಎಲ್ಲ ಚೆನ್ನಾಗಿತ್ತು, ಒಂದನ್ನು ಬಿಟ್ಟು. ಅವರು ಬ್ಯಾಸ್ಕೆಟ್‌ಬಾಲ್ ಬಿಟ್ಟು ಬೇರೇನೂ ಮಾತಾಡಿರಲಿಲ್ಲ. ತಂಡ ಹೊರಬಿದ್ದ ದಿನ ಬುಧವಾರವೂ ಮುಗಿಯುತ್ತದೆ, ಆಮೇಲೆ ಯಾವ ನೆಪದಲ್ಲಿ ಅವನನ್ನು ನೋಡುವುದು? ಫೋನ್ ಮಾಡಿ ಹೇಳಿಬಿಡು ಎಂದಳು ವಿಜಿ. ಮಾತುಮಾತಿಗೂ 'ರೀ' ಅನ್ನುವವನಿಗೆ ಹೇಗೆ ಹೇಳುವುದು ಎಂದು ಸಂಹಿತಾ ರೇಗಿದಳು. ಯಾವುದೋ ಊರಿನ, ತನಗೆ ಹೆಸರೂ ಸರಿಯಾಗಿ ಹೇಳಲು ಬಾರದ ಹುಡುಗರು ಗೆಲ್ಲಲಿ ಎಂದು ದೇವರಿಗೆ ಕೈ ಮುಗಿದಳು.

ಮಾರ್ಚ್ ಬಂತು, ಕ್ವಾರ್ಟರ್ ಫೈನಲ್ ಬಂತು. ಮೊದಲ ಆಟದಲ್ಲಿ ಹದಿನೈದು ಪಾಯಿಂಟಿನ ಸೋಲು. ಎರಡನೆಯದು ಕೊನೆಯದೆಂದು ಇಬ್ಬರಿಗೂ ಗೊತ್ತಿತ್ತು.

ಮಾರ್ಚಿನಲ್ಲಿ ಅಮೆರಿಕದ ಗಡಿಯಾರಗಳನ್ನು ಒಂದು ಗಂಟೆ ಮುಂದಿಡುತ್ತಾರೆ. ಯೂರೋಪಿನವರಿಗೆ ಅವಸರವಿಲ್ಲ, ತಿಂಗಳ ಕೊನೆಗೆ ಇಡುತ್ತಾರೆ. ಹಾಗಾಗಿ ಆ ಬುಧವಾರದ ಆಟ ಇಲ್ಲಿ ಎರಡು ಗಂಟೆಗೆ. ಆದರೆ ಮೃತ್ಯುಂಜಯನ ಮೆಸೇಜ್ ಬಂತು: ಎಂದಿನಂತೆ ಒಂದಕ್ಕೆ ಸಿಗೋಣ. ಪಾಪ, ಮರೆತಿದ್ದಾನೆ ಎಂದುಕೊಂಡಳು ಸಂಹಿತಾ. ತಿದ್ದಲು ಹೋದ ಬೆರಳನ್ನು ತಡೆದು "ಸರಿ" ಎಂದಷ್ಟೇ ಕಳಿಸಿದಳು. ತಾನಾಗಿ ಸಿಕ್ಕ ಒಂದು ಗಂಟೆಯನ್ನು ಬಿಟ್ಟುಕೊಡಲು ಅವಳಿಗೇನು ಹುಚ್ಚೇ?

ಬುಧವಾರ ಅವಳು ಹೋಗುವಷ್ಟರಲ್ಲಿ ಅವನು ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಟೇಬಲ್ ಮೇಲೆ ಎರಡು ಕಾಫಿ. ಲ್ಯಾಪ್‌ಟಾಪ್ ಇರಲಿಲ್ಲ. ಎಲ್ಲಿ ಎಂದು ಕೇಳಿದಳು.

"ಮನ್ಯಾಗ ಐತ್ರಿ. ಮ್ಯಾಚ್‌ಗೆ ಇನ್ನೂ ಒಂದ್ ತಾಸ್ ಐತಲ್ಲ," ಎಂದವನು ನಾಲಿಗೆ ಕಚ್ಚಿಕೊಂಡ.

"ಹಾಗಾದ್ರೆ ಒಂದಕ್ಕೆ ಯಾಕೆ ಕರೆದ್ರಿ?"

ಅವನು ಕಪ್ಪಿನೊಳಗೆ ನೋಡಿದ. "ಮ್ಯಾಚ್ ಇಲ್ಲದ ಒಂದ್ ತಾಸು ನಿಮ್ ಜೋಡಿ ಕೂಡಬೇಕನಿಸ್ತು. ನಿಮಗ ಗೊತ್ತಾಗಲಿಕ್ಕಿಲ್ಲ ಅಂತ ತಿಳ್ಕೊಂಡಿದ್ದೆ."

"ಗಡಿಯಾರ ಬದಲಾಯ್ತು ಅಂತ ನಮ್ಮ ಫ್ರಾಂಕ್‌ಫರ್ಟ್ ಆಫೀಸಿನ ಮೀಟಿಂಗೆಲ್ಲ ಈ ವಾರ ರೀಶೆಡ್ಯೂಲ್ ಮಾಡಿದ್ದೇ ನಾನು," ಎಂದಳು ಸಂಹಿತಾ. "ನಂಗೆ ಗೊತ್ತಾಗಲ್ವಾ?"

ಆ ಮಾತು ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಕಿವಿ ಕೆಂಪಾದವು. ಇಬ್ಬರೂ ನಗಲಾರಂಭಿಸಿದರು, ಕೌಂಟರಿನವಳು ತಿರುಗಿ ನೋಡುವಷ್ಟು.

ಹಡ್ಸನ್ ನದಿಯ ದಂಡೆಯುದ್ದಕ್ಕೂ ನಡೆದರು. ಮಾತು ಸಾಲದೇನೋ ಎಂದು ಹೆದರಿದ್ದವರಿಗೆ ಸಮಯವೇ ಸಾಲಲಿಲ್ಲ. ಅವನ ತಾಯಿ ಗುರುಸಿದ್ದಮ್ಮ, ಶಾಲೆಯ ಮೇಷ್ಟರ ಹಾಗೆ, ಫೋನಿನಲ್ಲೂ ಹಾಜರಿ ತೆಗೆದುಕೊಳ್ಳುತ್ತಾರಂತೆ. ಎಂಟು ವರ್ಷ ಕಲಿತ ವೀಣೆಯನ್ನು ಬಿಟ್ಟು ಬಂದದ್ದಕ್ಕೆ ಇವಳಿಗೆ ಈಗಲೂ ಅಳು ಬರುತ್ತದಂತೆ. ಅವನಿಗೆ ಕಾಫಿ ಸೇರುವುದೇ ಇಲ್ಲವಂತೆ, ಚಹಾದವನು. ಚಳಿಗಾಲವೆಲ್ಲ ಕುಡಿದದ್ದು ಅವಳ ಎದುರು ಕೂರಲಿಕ್ಕಾಗಿ. ಇದನ್ನು ಕೇಳಿದ ಮೇಲೆ ಸಂಹಿತಾಗೆ ಗಾಳಿಯ ಚಳಿ ತಿಳಿಯಲಿಲ್ಲ.

ಎರಡು ಗಂಟೆಗೆ ಬೆಂಚಿನ ಮೇಲೆ ಕೂತು, ಅವನ ಫೋನಿನಲ್ಲಿ, ಒಂದೊಂದು ಇಯರ್‌ಬಡ್ ಹಂಚಿಕೊಂಡು ಆಟ ನೋಡಿದರು. ಹಸಿರು ಹುಡುಗರು ಜೀವ ಬಿಟ್ಟು ಆಡಿದರು, ಸಾಲಲಿಲ್ಲ, ಪಂದ್ಯಾವಳಿಯಿಂದ ಹೊರಬಿದ್ದರು. ಸಂಹಿತಾಗೆ ನಿಜವಾಗಿಯೂ ಕಣ್ಣು ತುಂಬಿತು. ಅವನು ಫೋನ್ ಜೇಬಿಗೆ ಹಾಕಿದ. ನದಿ ದಾಟಿಸುವ ಫೆರಿ ಬಂತು, ಜನ ಇಳಿದರು. ಅವನು ಇಳಿದವರನ್ನೇ ನೋಡುತ್ತ ಕೂತ. ಇಷ್ಟೇ ಇರಬೇಕು ಎಂದು ಅವಳು ಬ್ಯಾಗು ಹೆಗಲಿಗೇರಿಸಿದಳು.

"ಬರೋ ಬುಧವಾರ ಬರ್ತೀರೇನು?"

"ಮ್ಯಾಚ್ ಇಲ್ಲವಲ್ಲ."

"ಇಲ್ಲರಿ," ಎಂದ ಮೃತ್ಯುಂಜಯ. "ಅದಕ್ಕ ಕೇಳ್ಲಿಕ್ಕತ್ತೀನಿ."

ಸಂಹಿತಾ ಬ್ಯಾಗು ಇಳಿಸಿ ಮತ್ತೆ ಅವನ ಪಕ್ಕ ಕೂತಳು. "ಬುಧವಾರ ಆಗಲ್ಲ," ಎಂದಳು. ಅವನ ಮುಖ ಬಾಡುವುದನ್ನು ಒಂದು ಗಳಿಗೆ ಕಣ್ತುಂಬ ನೋಡಿ, ಅವನ ಕೈ ಹಿಡಿದುಕೊಂಡಳು. "ಅಲ್ಲೀವರೆಗೆ ಕಾಯೋದು ನನ್ನ ಕೈಲಾಗಲ್ಲ. ನಾಳೆ ಬರ್ತೀನಿ."