ಹಳದಿ ನುಚ್ಚು

ಹೀರಾಬಾಯಿ ಮಾಟ ಮಾಡುತ್ತಾಳೆಂಬ ಸುದ್ದಿ ಹಲಬರ್ಗಾದಲ್ಲಿ ಹಬ್ಬಿದ್ದು ಅವಳ ಲಗ್ನ ಗೊತ್ತಾದ ಮೇಲೆ. ಹಬ್ಬಿಸಿದವಳು ಬೇರೆ ಯಾರೂ ಅಲ್ಲ, ಅತ್ತೆಯಾಗಬೇಕಿದ್ದ ಗಂಗುಬಾಯಿ. ಏನು ಹೇಳೋಣ!

ಆಗಿದ್ದಿಷ್ಟು. ರಜಾಕಾರರ ಹಾವಳಿಯಲ್ಲಿ ಊರು ಬಿಟ್ಟು ಸೊಲ್ಲಾಪುರದ ಕಡೆ ಕ್ಯಾಂಪಿನಲ್ಲಿದ್ದ ಹೀರಾ, ಪೊಲೀಸ್ ಆ್ಯಕ್ಷನ್ ಮುಗಿದ ಮೇಲೆ ಅಪ್ಪ ಧೊಂಡಿಬಾನೊಂದಿಗೆ ಮರಳಿದ್ದಳು. ಮನೆ ಹಿಂದಿನ ಪಾಳು ಬಿದ್ದ ಹೊಲಕ್ಕೆ ಅವರೆ, ಬದನೆ ಹಾಕಿದಳು. ಚಳಿಗಾಲದಲ್ಲಿ ಹೂ ಬಿಟ್ಟಿತೋ ಇಲ್ಲವೋ, ಹಸಿರು ಹುಳ, ಕೀಡಿ, ಮುತ್ತಿದವು.

ಬೀದರ ಪೇಟೆಗೆ ಹೊಸದಾಗಿ ಬಂದ ವಿಷದ ಪುಡಿ ತರಲೇ ಎಂದು ಪಕ್ಕದ ಹೊಲದ ಜ್ಞಾನೇಶ್ವರ ಕೇಳಿದ. ಅವನೇ ಗಂಗುಬಾಯಿಯ ಮಗ, ಲಗ್ನವಾಗಬೇಕಿದ್ದ ಹುಡುಗ. ಕೇಳುವಾಗ ಅವನ ಕಣ್ಣು ಕೀಡಿಯ ಮೇಲಂತೂ ಇರಲಿಲ್ಲ. ಹೀರಾ ಕೆನ್ನೆ ಕೆಂಪಾದರೂ ಪುಡಿ ಬೇಡವೆಂದಳು; ವಿಷ ತಾಗಿದ ಕೀಡಿ ತಿಂದರೆ ಹಕ್ಕಿಯೂ ಸಾಯುತ್ತದಲ್ಲ. ಕ್ಯಾಂಪಿನ ಮರಾಠಿ ಮುದುಕಿ ಕಲಿಸಿದಂತೆ ಜೋಳದ ನುಚ್ಚು ಕುದಿಸಿ, ಅರಿಶಿಣ ಕಲಸಿ, ನಸುಕಿನಲ್ಲಿ ಬದುವಿನುದ್ದಕ್ಕೂ ಚೆಲ್ಲಿದಳು. ಹಳದಿ ಕಂಡು ಹಕ್ಕಿ ಇಳಿಯುತ್ತವೆ, ನುಚ್ಚಿನ ಜೊತೆ ಕೀಡಿಯನ್ನೂ ಹೆಕ್ಕುತ್ತವೆ.

ಹಕ್ಕಿಗಿಂತ ಮೊದಲು ಅದು ಕಂಡಿದ್ದು ಗಂಗುಬಾಯಿಗೆ. ಬದುವಿನ ಮೇಲೆ ಅರಿಶಿಣದ ನುಚ್ಚೆಂದರೆ ಮಾಟವಲ್ಲದೆ ಮತ್ತೇನು? ಹೀರಾ ಎಷ್ಟು ಬಿಡಿಸಿ ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಗುಡಿಯಲ್ಲಿ ದೀಪ ಮುಟ್ಟಿ ಆಣೆ ಮಾಡಲಿ, ಇಲ್ಲದಿದ್ದರೆ ಲಗ್ನ ಮುರಿಯಿತೆಂದೇ ತಿಳಿಯಲಿ ಎಂದಳು.

ಒಂದು ಆಣೆ ತಾನೇ, ಮಾಡಿಬಿಡು ತಾಯಿ ಎಂದು ಧೊಂಡಿಬಾ ಅಂಗಲಾಚಿದ. ಸಂಜೆ ಬಾವಿಯ ಹತ್ತಿರ ಜ್ಞಾನೇಶ್ವರನೂ ಅದನ್ನೇ ಹೇಳಿದ.

"ಇವತ್ತ ದೀಪ ಮುಟ್ಟಿದ್ರ ನಿಮ್ಮ ಮನ್ಯಾಗ ದಿನಾ ಮುಟ್ಟಬೇಕಾಗ್ತದ್ರಿ. ಹಾಲು ಒಡದ್ರೂ ನಾನs, ಎಮ್ಮಿ ಒದ್ರೂ ನಾನs," ಎಂದಳು ಹೀರಾ. "ನೀವು ನನ್ನ ನಂಬ್ತೀರೋ ಇಲ್ಲೋ, ಅಷ್ಟ ಹೇಳ್ರಿ."

ನಂಬುತ್ತೇನೆ ಎಂದ. ಆದರೆ ಅವ್ವ ಕೇಳಿಸಿಕೊಂಡಾಳೆಂದು ಆಚೀಚೆ ನೋಡಿ, ಪಿಸುಗುಟ್ಟಿದ. ಕಳ್ಳನಂತೆ ನಂಬುವ ಗಂಡ ಯಾಕೆ ಬೇಕು? ಹೀರಾ ಅರ್ಧ ಕೊಡ ಹೊತ್ತು ಹೊರಟೇಬಿಟ್ಟಳು. ಮನೆಗೆ ಬಂದು ಅತ್ತಳು. ಎಷ್ಟು ಪ್ರೀತಿಯಿತ್ತೋ ಅಷ್ಟೇ ಸಿಟ್ಟು ಬಂದಿತ್ತು.

ಮರುದಿನ ಹೊತ್ತೇರಿದ ಮೇಲೆ ಹೊಲದ ಕಡೆ ಗದ್ದಲ ಕೇಳಿ ಓಡಿಹೋದಳು. ಜ್ಞಾನೇಶ್ವರ ಅಡುಗೆಯ ಪಾತೇಲಿ ಹಿಡಿದು ತನ್ನದೇ ತೊಗರಿಯ ಸಾಲಿಗೆ ಹಳದಿ ನುಚ್ಚು ಎರಚುತ್ತಿದ್ದ, ನಾಲ್ಕು ಜನ ನೋಡುವಂತೆ. ಮೊಣಕೈವರೆಗೂ ಅರಿಶಿಣ ಬಳಿದುಕೊಂಡಿದ್ದ. ಗಂಗುಬಾಯಿ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು.

"ಅವ್ವಾ, ಆಕಿ ಮಾಟಗಾತಿ ಆದ್ರ ನಾನೂ ಮಾಟಗಾರ," ಎಂದ, ಊರಿಗೆಲ್ಲ ಕೇಳುವಂತೆ. "ಆಕಿ ಆಣಿ ಮಾಡಂಗಿಲ್ಲ. ನಾನೂ ಮಾಡಂಗಿಲ್ಲ. ಲಗ್ನ ಮಾತ್ರ ಆಕಿನ್ನೇ ಆಗ್ತೇನಿ."

ಹೆತ್ತ ಮಗನನ್ನು ಮಾಟಗಾರ ಎನ್ನಲು ಯಾವ ತಾಯಿಗೆ ನಾಲಿಗೆ ಬರುತ್ತದೆ? ಗಂಗುಬಾಯಿ ಹಣೆಯಿಂದ ಕೈ ಇಳಿಸಿದಳು. ಅಷ್ಟರಲ್ಲಿ ಎರಡು ಕಾಜಾಣ ಇಳಿದವು, ಹಿಂದೆಯೇ ಗೊರವಂಕದ ಹಿಂಡು. ತೊಗರಿಯ ಕಾಯಿಯಿಂದ ಹಸಿರು ಕೀಡಿಯನ್ನು ಎಳೆದೆಳೆದು ನುಂಗುವುದನ್ನು ಅವಳು ತುಂಬಾ ಹೊತ್ತು ನೋಡಿದಳು. ತಪ್ಪಾಯಿತು ಎನ್ನುವ ಜಾಯಮಾನ ಅವಳದಲ್ಲ. ಮಗನ ಕೈಯಿಂದ ಪಾತೇಲಿ ಕಿತ್ತುಕೊಂಡು ತಳ ನೋಡಿ, ನೇರ ಹೀರಾಳ ಕಡೆ ತಿರುಗಿದಳು.

"ನೋಡವಾ, ನಿನ್ನ ಗಂಡ ಆಗಾಂವ ನನ್ನ ಪಾತೇಲಿ ತಳ ಹತ್ತಿಸ್ಯಾನ."

ಹೀರಾಗೆ ನಗುವೂ ಬಂತು, ಕಣ್ಣೀರೂ ಬಂತು. ಬದು ದಾಟಿ ಹೋಗಿ, ಎಲ್ಲರೆದುರೇ ಜ್ಞಾನೇಶ್ವರನ ಕೈಯನ್ನು ಸೆರಗಿನಿಂದ ಒರೆಸಿದಳು. ಅವನು ಇನ್ನೊಂದು ಕೈಯನ್ನೂ ಚಾಚಿದ.

"ಇನ್ನ ಮ್ಯಾಲ ಎರಡೂ ಹೊಲದ ನುಚ್ಚು ನಾನs ಕುದಸ್ತೇನ್ರಿ," ಎಂದಳು.